ಎಪ್ಪತ್ತು ಸಾವಿರ ಅತ್ತೆಯರು

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನನ್ನದೇ ಎಂದು ಹೇಳಿಕೊಳ್ಳಲು ನನಗೆ ಸಿಕ್ಕಿದ ಏಕೈಕ ಸ್ಥಿರಾಸ್ತಿ ದಿನಕ್ಕೊಂದು ಗಂಟೆ. ಸಂಜೆ ಏಳರಿಂದ ಎಂಟು. ಅದನ್ನೂ ಒಂದು ಟೀವಿ ಚಾನೆಲ್ಲು ಕಿತ್ತುಕೊಳ್ಳಲು ಹೊರಟಿತೆಂದರೆ ನನ್ನ ಸಂಕಟ ಎಂಥದ್ದಿರಬಹುದು, ನೀವೇ ಕೂತು ಯೋಚಿಸಿ. (ಕೂರಲು ನಿಮಗೂ ಒಂದು ಗಂಟೆ ಸಿಕ್ಕಿದರೆ.)

ನಮ್ಮ ಮನೆಯಲ್ಲಿ ಮೂರೇ ಜನ. ಅತ್ತೆ, ಅವರ ಮಗ, ಮತ್ತು ಇವರಿಬ್ಬರೂ ಕರೆದಾಗ ಓಗೊಡುವ ನಾನು. ಅತ್ತೆಗೆ ಎಪ್ಪತ್ತೊಂದು, ದೃಷ್ಟಿ ಕೊಂಚ ಮಂದ, ಅಭಿಪ್ರಾಯಗಳು ಚುರುಕು. ಅವರ ಮಗ, ಅಂದರೆ ನಮ್ಮ ಯಜಮಾನರು, ವಿಮಾ ಕಛೇರಿಯಲ್ಲಿದ್ದಾರೆ. ಊರಿನವರ ಅಪಘಾತಗಳ ಕಡತವನ್ನು ಅಲ್ಲಿ ನೋಡಿಕೊಳ್ಳುತ್ತಾರೆ, ಮನೆಯ ಅಪಘಾತಗಳನ್ನು ಸ್ವತಃ ಮಾಡುತ್ತಾರೆ. ನಾನು ವಾರಪತ್ರಿಕೆಯೊಂದಕ್ಕೆ ಹಾಸ್ಯ ಬರೆಯುತ್ತೇನೆ. "ಹಾಸ್ಯ ಬರೀತಾಳಂತೆ. ಮುಖ ನೋಡಿದ್ರೆ ಹಾಗನ್ಸಲ್ಲ ಅಲ್ವಾ?" ಎಂದು ಅತ್ತೆ ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಕೊಡುವುದು ವಾಡಿಕೆ.

ಬೆಳಗಿನಿಂದ ರಾತ್ರಿಯವರೆಗೆ ನನ್ನನ್ನು ಕರೆಯುವುದೇ ಈ ತಾಯಿ-ಮಗನ ಮುಖ್ಯ ಉದ್ಯೋಗ. ಒಬ್ಬರಿಗೆ ಟವೆಲ್ಲು ಸಿಗುವುದಿಲ್ಲ, ಇನ್ನೊಬ್ಬರಿಗೆ ಟವೆಲ್ಲಿನ ಕೆಳಗಿದ್ದ ಕನ್ನಡಕ ಸಿಗುವುದಿಲ್ಲ. ಟವೆಲ್ಲು ಸಿಕ್ಕಿದ ಮೇಲೆ ಅದು ಯಾಕೆ ಅಲ್ಲಿತ್ತು ಎಂದು ವಿಚಾರಣೆ. ಒಟ್ಟಿನಲ್ಲಿ ನಾನು ಮನೆಯೊಡತಿಯೋ ಕಳೆದುಹೋದ ವಸ್ತುಗಳ ಇಲಾಖೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಆದರೆ ಏಳು ಗಂಟೆಗೆ 'ರಿಪೇರಿ ರಣರಂಗ' ಶುರುವಾಗುತ್ತಿದ್ದಂತೆ ಮನೆ ತಟಸ್ಥವಾಗುತ್ತದೆ. ಅದೊಂದು ಸ್ಪರ್ಧೆ. ದೊಡ್ಡ ಶೆಡ್ಡೊಂದರಲ್ಲಿ ಹತ್ತು ಜನ ರಿಪೇರಿಯವರು. ಜನ ತಂದುಕೊಟ್ಟ ಮುರುಕು ಸಾಮಾನುಗಳನ್ನು ಅವರು ಸರಿಮಾಡಬೇಕು. ತೀರ್ಪುಗಾರ ಒಬ್ಬ ನಿವೃತ್ತ ಫೋರ್‌ಮನ್. ಆತ ಸರಿಮಾಡಿದ ವಸ್ತುವನ್ನು ಸೊಂಟದೆತ್ತರಕ್ಕೆ ಎತ್ತಿ ಕೈಬಿಡುತ್ತಾನೆ. ಮತ್ತೆ ಮುರಿದರೆ ಅದನ್ನು ಸರಿಮಾಡಿದವರು ಮನೆಗೆ. ಇಷ್ಟೇ ಕಥೆ. ಇದನ್ನು ನೋಡುವಾಗ ನಮ್ಮ ಅತ್ತೆ ಉಸಿರು ಬಿಡುವುದನ್ನೂ ಜಾಹೀರಾತಿಗೆ ಮುಂದೂಡುತ್ತಾರೆ. ಅವರು ಕೊಡೆ ರಿಪೇರಿಯ ಅಜ್ಜನ ಪಕ್ಷ. ಯಜಮಾನರು ವೆಲ್ಡಿಂಗ್ ಅಕ್ಕನ ಪಕ್ಷ.

"ನಿನ್ನ ಅಜ್ಜ ಇವತ್ತೂ ಕಡ್ಡಿ ಉಲ್ಟಾ ಹಾಕ್ತಿದಾನೆ ನೋಡಮ್ಮ."

"ಸುಮ್ನಿರೋ. ಆ ಅಜ್ಜನ ಕೈಯಲ್ಲಿರೋ ನಯ ನಿನ್ನ ವೆಲ್ಡಿಂಗ್‌ನೋಳ ಇಡೀ ಮೈಯಲ್ಲಿಲ್ಲ."

"ಅವಳು ಬೆಸೆದದ್ದು ಒಂದಾದ್ರೂ ಬಿಟ್ಕೊಂಡಿದೆಯಾ ಹೇಳು?"

"ನೀನು ಬೆಸೆದದ್ದು ಒಂದಾದ್ರೂ ಹಿಡ್ಕೊಂಡಿದೆಯಾ, ಅದನ್ನ ಹೇಳು."

ಈ ಕೊನೆಯ ಮಾತಿಗೆ ಹಿನ್ನೆಲೆಯಿದೆ. ಕಾರ್ಯಕ್ರಮದಿಂದ ಸ್ಫೂರ್ತಿ ಹೊಂದಿ ಯಜಮಾನರೂ ಸ್ಕ್ರೂಡ್ರೈವರ್ ಹಿಡಿದಿದ್ದರು. ಅವರು "ರಿಪೇರಿ" ಎಂದೊಡನೆ ಮನೆಯ ಸಾಮಾನುಗಳಿಗೆಲ್ಲ ಪೇರಿ ಕೀಳಬೇಕೆನ್ನಿಸುತ್ತಿತ್ತು. ಎರಡನೇ ವಾರ ಇಸ್ತ್ರಿಪೆಟ್ಟಿಗೆಯ ಕೆಲಸ ಮುಗಿಸಿದರು; ಇಸ್ತ್ರಿಪೆಟ್ಟಿಗೆಯೂ ಮುಗಿಯಿತು. ಮೂರನೇ ವಾರ ಹಿಂದಿನ ಕೋಣೆಯ ಪ್ಲಗ್ ಪಾಯಿಂಟು. ಅದು ಒಂದು ಸಲ ನೀಲಿಯಾಗಿ ಕಣ್ಣು ಹೊಡೆದು ಶಾಶ್ವತವಾಗಿ ಕಣ್ಣು ಮುಚ್ಚಿತು.

ಆ ಹಿಂದಿನ ಕೋಣೆಯೇ ನನ್ನ ಸಾಮ್ರಾಜ್ಯ. ಬೆತ್ತದ ಕುರ್ಚಿ, ಕಾಲು ಚಾಚಲು ಒಂದು ಸ್ಟೂಲು, ಒಂದು ಪತ್ತೇದಾರಿ ಕಾದಂಬರಿ, ಬಿಸ್ಕತ್ತಿನ ಡಬ್ಬಿ. ಏಳರಿಂದ ಎಂಟರವರೆಗೆ ನಾನು ಬಾಗಿಲು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತೇನೆ ಎಂಬುದು ಮನೆಯವರ ನಂಬಿಕೆ. ಇಸ್ತ್ರಿಪೆಟ್ಟಿಗೆ ಸತ್ತು ತಿಂಗಳುಗಳಾಗಿವೆ ಎಂಬುದು ಅದನ್ನು ಕೊಂದವರಿಗಾಗಲಿ, ದಿನಾ ಸುಕ್ಕು ಅಂಗಿಯನ್ನೇ ತೊಟ್ಟು ಕಛೇರಿಗೆ ಹೋಗುವವರಿಗಾಗಲಿ (ಇಬ್ಬರೂ ಒಬ್ಬರೇ) ಹೊಳೆದಿರಲಿಲ್ಲ. ನಂಬಿಕೆಯ ಮೇಲೆ ನಿಂತಿರುವ ಸಂಸಾರವನ್ನು ಅಲುಗಾಡಿಸಲು ನಾನೂ ಹೋಗಲಿಲ್ಲ.

ಹೀಗೆ ಸುಖವಾಗಿದ್ದಾಗ ಒಂದು ಸಂಜೆ ಹಾಲಿನಿಂದ ಅತ್ತೆ ಹೊರಡಿಸಿದ ಸದ್ದು ಕೇಳಿ ಓಡಿ ಬಂದೆ. ಟೀವಿಯಲ್ಲಿ ನಿರೂಪಕಿ ಕರವಸ್ತ್ರದಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಪ್ರೇಕ್ಷಕರ ಕೊರತೆಯಿಂದಾಗಿ ಇನ್ನು ಆರು ವಾರಗಳಲ್ಲಿ ಕಾರ್ಯಕ್ರಮ ನಿಲ್ಲುತ್ತದಂತೆ. ಆ ಜಾಗದಲ್ಲಿ ಹೊಟ್ಟೆ ಕರಗಿಸುವ ಬೆಲ್ಟಿನ ಜಾಹೀರಾತಂತೆ.

"ಕೊರತೆ ಅಂತೆ!" ಎಂದರು ಅತ್ತೆ. "ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದೀನಿ, ಇವಳಿಗೆ ಕೊರತೆಯಂತೆ!"

ಯಜಮಾನರು ಸ್ಕ್ರೂಡ್ರೈವರನ್ನು ಎದೆಗೊತ್ತಿಕೊಂಡು ಕೂತಿದ್ದರು. ನನಗೂ ಅಯ್ಯೋ ಎನ್ನಿಸಿತು, ಅದೂ ಮೇಲುಮೇಲಕ್ಕೆ. ಇನ್ನೊಬ್ಬರ ಮನೆಯ ಗಡಿಯಾರ ನಿಂತರೆ ಅನ್ನಿಸುವಷ್ಟು. ಆಗ ಅತ್ತೆ ನಿಟ್ಟುಸಿರಿಟ್ಟು ಒಂದು ಮಾತು ಹೇಳಿದರು. ಆ ಮಾತೇ ನನ್ನ ಜೀವನದ ದಿಕ್ಕು ಬದಲಿಸಿದ್ದು.

"ಹೋಗ್ಲಿ ಬಿಡು. ಇನ್ಮೇಲೆ ಏಳರಿಂದ ಎಂಟು ನಾವು ಮೂರೂ ಜನ ಕೂತು ಮಾತಾಡೋಣ."

"ಮಾತಾ? ಏನ್ ಮಾತು ಅತ್ತೆ?"

"ಏನಾದ್ರೂ. ಮಾತಿಗೆ ಬರವಾ? ನಿನ್ನ ಬಗ್ಗೆನೇ ನನ್ಹತ್ರ ಸುಮಾರಿದೆ."

ಮರುದಿನ ಬೆಳಗಿನ ಚಹಾ ಆರುವ ಮೊದಲೇ ನಾನು 'ರಣರಂಗ ರಕ್ಷಣಾ ಸಮಿತಿ'ಯನ್ನು ಹುಟ್ಟುಹಾಕಿದ್ದೆ.

ಸಮಿತಿಯ ಅಧ್ಯಕ್ಷೆ ಅತ್ತೆ, ಕಾರ್ಯದರ್ಶಿ ನಾನು. (ಅಧ್ಯಕ್ಷರೆಂದರೆ ಕೂತಿರುವವರು, ಕಾರ್ಯದರ್ಶಿಯೆಂದರೆ ನಿಂತಿರುವವರು ಎಂಬುದು ನಮ್ಮ ಮನೆಯ ಸಂವಿಧಾನ.) ತಾಂತ್ರಿಕ ಸಲಹೆಗಾರರು ಯಜಮಾನರು. ಮೇಲಿನ ಮನೆಯ ಗಣಿತದ ಮೇಷ್ಟ್ರನ್ನೂ ಕರೆದೆವು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅವರು ಎದುರಿಗಿದ್ದವರನ್ನು ಏಳನೇ ಕ್ಲಾಸೆಂದೇ ಭಾವಿಸುತ್ತಾರೆ.

"ಒಬ್ಬರು ದಿನಕ್ಕೆ ನಾಲ್ಕು ಕಾಗದ ಬರೆದರೆ ಆರು ವಾರಕ್ಕೆ ಎಷ್ಟಾಯ್ತು?" ಎಂದರು ಮೇಷ್ಟ್ರು, ನನ್ನತ್ತ ಬೆರಳು ತೋರಿಸಿ.

"ನೂರ ಅರವತ್ತೆಂಟು," ಎಂದೆ ಎದ್ದುನಿಂತು. (ಕಾನ್ವೆಂಟಿನ ಅಭ್ಯಾಸ.)

"ಕೂತ್ಕೋ. ಸಾಲದು."

"ಕಾಗದ ಯಾರು ಓದ್ತಾರೆ ಮೇಷ್ಟ್ರೇ?" ಎಂದರು ಅತ್ತೆ. "ಇವಳು ಬರೆಯೋದನ್ನ ನಾವೇ ಓದಲ್ಲ."

ಅವಮಾನವೇ ಆವಿಷ್ಕಾರದ ತಾಯಿ ಇರಬೇಕು. ತಟ್ಟನೆ ನನಗೊಂದು ಉಪಾಯ ಹೊಳೆಯಿತು. ಕಾಗದದ ಜೊತೆ ಒಂದೊಂದು ಮುರಿದ ಸಾಮಾನನ್ನು ಚಾನೆಲ್ ಕಛೇರಿಗೆ ಪಾರ್ಸೆಲ್ ಮಾಡುವುದು! 'ನೀವು ರಣರಂಗ ನಿಲ್ಲಿಸಿದರೆ ಇದನ್ನು ಸರಿಮಾಡುವವರು ಯಾರು?' ಎಂದು ಒಂದು ಚೀಟಿ ಅಂಟಿಸುವುದು. ಕಾಗದವನ್ನು ಬುಟ್ಟಿಗೆ ಎಸೆಯಬಹುದು. ಮೂರು ಕಾಲಿನ ಕುರ್ಚಿಯನ್ನು ಯಾವ ಬುಟ್ಟಿಗೆ ಎಸೆಯುತ್ತಾರೆ?

ಅತ್ತೆ ನನ್ನನ್ನು ಮೊದಲ ಸಲ ನೋಡುವಂತೆ ನೋಡಿದರು. "ಇವಳಿಗೆ ತಲೆ ಇದೆ ಕಣೋ," ಎಂದು ಮಗನಿಗೆ ಹೇಳಿದರು, ಇಷ್ಟು ವರ್ಷ ಆ ವಿಷಯ ಮುಚ್ಚಿಟ್ಟಿದ್ದಕ್ಕೆ ಮಗನೇ ಹೊಣೆ ಎಂಬಂತೆ.

ನಮ್ಮ ಮನೆಯಲ್ಲಿ ಮುರುಕು ಸಾಮಾನಿಗೆ ಕೊರತೆಯಿರಲಿಲ್ಲ. ಯಜಮಾನರು ರಿಪೇರಿ ಮಾಡಿಟ್ಟದ್ದೆಲ್ಲ ಇತ್ತಲ್ಲ. ಟೋಸ್ಟರ್, ಅಲಾರಾಂ ಗಡಿಯಾರ, ಎರಡು ಟಾರ್ಚು ಹೋದವು. ಅವರಿಗೆ ಮಾತ್ರ ಸ್ವಲ್ಪ ನೋವಾಯಿತು. "ಈ ಟೋಸ್ಟರ್ ಸರಿಯಾಗೇ ಇದೆ. ಬ್ರೆಡ್ ಹಾಕ್ಬಾರ್ದು, ಅಷ್ಟೇ," ಎಂದು ವಾದಿಸಿ ನೋಡಿದರು. ಸರಿಮಾಡಿ ಹಾಳಾದದ್ದೆಲ್ಲ ಮುಗಿದ ಮೇಲೆ ಉತ್ಸಾಹ ತಡೆಯಲಾರದೆ ಸರಿಯಿದ್ದದ್ದಕ್ಕೂ ಕೈಹಾಕತೊಡಗಿದರು.

"ರೀ, ಆ ಸ್ಟೂಲಿನ ಕಾಲು ಯಾಕ್ರೀ ಅಲ್ಲಾಡಿಸ್ತಿದೀರಾ?"

"ಎಷ್ಟು ಗಟ್ಟಿ ಇದೆ ನೋಡ್ತಿದೀನಿ ಕಣೇ."

"ಅದು ಗಟ್ಟಿ ಇದೆ."

"ಇತ್ತು," ಎಂದರು, ಕಾಲನ್ನು ಕೈಯಲ್ಲಿ ಹಿಡಿದುಕೊಂಡು.

ಜೊತೆಗಿಡುವ ಕಾಗದ ನನ್ನ ರಚನೆ. 'ಮಾನ್ಯರೇ, ಈ ಕಾರ್ಯಕ್ರಮ ಬರೀ ಕೊಡೆ ಕುರ್ಚಿಗಳನ್ನು ಸರಿಮಾಡುತ್ತಿಲ್ಲ. ಏಳರಿಂದ ಎಂಟರವರೆಗೆ ಅದೆಷ್ಟೋ ಸಂಸಾರಗಳನ್ನು ಮುರಿಯದಂತೆ ಹಿಡಿದಿಟ್ಟಿದೆ' ಎಂದು ಶುರುವಾಗಿ 'ಆ ಒಂದು ಗಂಟೆ ನಮ್ಮ ಉಸಿರು' ಎಂದು ಮುಗಿಯುತ್ತಿತ್ತು. ಮನದಾಳದಿಂದ ಬರೆದಿದ್ದೆ. ಓದಿ ಅತ್ತೆಯೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಂಗೂ ಆ ಅಜ್ಜನ ಮೇಲೆ ಇಷ್ಟು ಪ್ರೀತಿ ಇತ್ತಾ? ಒಂದಿನಾನೂ ಬಾಯಿ ಬಿಡಲಿಲ್ವಲ್ಲೇ," ಎಂದರು. ನಾನು ನೆಲ ನೋಡಿದೆ.

ಅಂಚೆ ಕಛೇರಿಯ ಪಾರ್ಸೆಲ್ ಕೌಂಟರಿನಾಕೆ ಮೊದಲ ದಿನ ಮುಖ ಗಂಟುಹಾಕಿದಳು. ಎರಡನೆಯ ದಿನ ಚೀಟಿ ಓದಿದಳು. ಮೂರನೆಯ ದಿನ ತಾನೇ ಕೌಂಟರಿನಡಿಯಿಂದ ಹ್ಯಾಂಡಲ್ ಇಲ್ಲದ ಸೂಟ್‌ಕೇಸು ತೆಗೆದು, "ಇದನ್ನೂ ಸೇರಿಸ್ಕೊಳ್ಳಿ. ನಂದು ಗಡಿಯಾರದ ಮಾಮನ ಪಕ್ಷ," ಎಂದಳು. ಸುದ್ದಿ ಹಬ್ಬಿತು. ಮೂರನೇ ವಾರದ ಹೊತ್ತಿಗೆ ಚಾನೆಲ್ ಕಛೇರಿಯ ಬಾಗಿಲಿಗೆ ಆರುನೂರು ಮುರುಕು ಸಾಮಾನು ಬಂದು ಬಿದ್ದವು. ಪತ್ರಿಕೆಯಲ್ಲಿ ಚಿತ್ರವೂ ಬಂತು. ಕೊಡೆಗಳ ಗುಡ್ಡೆಯ ಹಿಂದಿನಿಂದ ಕಾವಲುಗಾರನ ಟೋಪಿಯಷ್ಟೇ ಕಾಣುತ್ತಿತ್ತು.

ಮರುವಾರ ಚಾನೆಲ್ಲಿನಿಂದ ಉತ್ತರ ಬಂತು. ಸಮಿತಿ ತುರ್ತಾಗಿ ಸೇರಿತು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು:

"'ತಮ್ಮ ಅಭಿಮಾನಕ್ಕೆ ಋಣಿ. ದಯವಿಟ್ಟು ಇನ್ನು ಪಿಯಾನೋಗಳನ್ನು ಕಳಿಸಬೇಡಿ. ಆದರೆ ನಮ್ಮ ನಿರ್ಧಾರಕ್ಕೆ ಅಂಕಿಅಂಶಗಳೇ ಆಧಾರ. ತಮ್ಮ ಊರಿನಲ್ಲಿ, ಅರವತ್ತು ದಾಟಿದ ಮಹಿಳೆಯರ ವರ್ಗದಲ್ಲಿ, ಕಳೆದ ಎಂಟು ತಿಂಗಳಿನಿಂದ ಈ ಕಾರ್ಯಕ್ರಮ ನೋಡಿದವರ ಸಂಖ್ಯೆ ಸೊನ್ನೆ.'"

"ಎಷ್ಟಂತೆ?" ಎಂದರು ಅತ್ತೆ.

"ಸೊನ್ನೆ."

"ನಾನು ಸೊನ್ನೆನಾ?"

"ನೀವು ಒಬ್ಬರು ಇದ್ದ ಮೇಲೆ ಸೊನ್ನೆ ಬರೋಕೆ ಸಾಧ್ಯವೇ ಇಲ್ಲ," ಎಂದರು ಮೇಷ್ಟ್ರು ಗಂಭೀರವಾಗಿ. "ನೀವು ಇಲ್ಲ ಅಂತಾದ್ರೆ ಮಾತ್ರ ಬರುತ್ತೆ."

ಅತ್ತೆ ಎದ್ದರು. ಫೋನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಪಿಸುಪಿಸು ಕೇಳಿಸಿತು. ನಮ್ಮ ಅತ್ತೆ ಪಿಸುಗುಟ್ಟಬಲ್ಲರು ಎಂಬುದು ನನಗೆ ಅಂದೇ ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಂದು, ಪರಿಚಿತಳಂತೆ ಸೀದಾ ಟೀವಿಯ ಹಿಂದಕ್ಕೆ ನುಗ್ಗಿದಳು.

"ಯಾರಿದು?" ಎಂದೆ.

"ಪೆಟ್ಟಿಗೆ ಕಂಪನಿಯವಳು," ಎಂದರು ಅತ್ತೆ, ಗೋಡೆಗೆ ಹೇಳುವಂತೆ.

ಈಗ ನಿಮಗೊಂದು ವಿಷಯ ಹೇಳಬೇಕು. ಇದುವರೆಗೆ ಅದು ಮುಖ್ಯ ಎಂದು ನನಗೂ ಅನ್ನಿಸಿರಲಿಲ್ಲ. ಎಂಟು ತಿಂಗಳ ಹಿಂದೆ ನಾನು ತಂಗಿಯ ಮನೆಗೆ ನಾಲ್ಕು ದಿನ ಹೋಗಿ ಬಂದಾಗ ನಮ್ಮ ಟೀವಿಯ ಹಿಂದೆ ಸಾಬೂನಿನ ಡಬ್ಬಿಯಷ್ಟು ಕಪ್ಪು ಪೆಟ್ಟಿಗೆಯೊಂದು ಹೊಸದಾಗಿ ಕೂತಿತ್ತು. ಕೇಳಿದ್ದಕ್ಕೆ ಅತ್ತೆ "ಸ್ಟೆಬಿಲೈಜರ್" ಎಂದಿದ್ದರು. ಅದಕ್ಕೊಂದು ಪುಟ್ಟ ರಿಮೋಟೂ ಇತ್ತು. ಅತ್ತೆ ಅದನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಆಗಾಗ ಗುಂಡಿ ಒತ್ತುತ್ತಿದ್ದರು. ಸ್ಟೆಬಿಲೈಜರಿಗೆ ರಿಮೋಟು ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ಆದರೆ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಸೂತಿ ಕಲಿಸಿದ್ದರೇ ಹೊರತು ಕರೆಂಟಿನ ವಿಷಯ ಹೇಳಿರಲಿಲ್ಲ.

ಅದು ಸ್ಟೆಬಿಲೈಜರ್ ಆಗಿರಲಿಲ್ಲ. ಯಾರು ಯಾವಾಗ ಯಾವ ಕಾರ್ಯಕ್ರಮ ನೋಡುತ್ತಾರೆಂದು ಎಣಿಸುವ ಪೆಟ್ಟಿಗೆ. ಊರಿನಲ್ಲಿ ಆರಿಸಿದ ಕೆಲವೇ ಮನೆಗಳಲ್ಲಿ ಇಡುತ್ತಾರಂತೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ. ಟೀವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಒತ್ತಬೇಕು. ಹೊರಗಿನವರಿಗೆ ಮಾತ್ರ ತಿಳಿಸಬಾರದು.

"ನಾನು ಹೊರಗಿನವಳಾ ಅತ್ತೆ?"

"ನೀನು ಪತ್ರಿಕೆಗೆ ಬರೀತೀಯಲ್ಲಮ್ಮ."

(ಆಗ ನನಗೆ ಬಹಳ ನೋವಾಯಿತು. ಈಗ ಇದನ್ನು ಪತ್ರಿಕೆಗೆ ಬರೆಯುವಾಗ ಅಷ್ಟಾಗಿ ಆಗುತ್ತಿಲ್ಲ.)

"ನಿಮಗೂ ಗೊತ್ತಿತ್ತೇನ್ರೀ?" ಎಂದು ಯಜಮಾನರತ್ತ ತಿರುಗಿದೆ.

"ಅಮ್ಮ ಆಣೆ ಹಾಕಿಸ್ಕೊಂಡಿದ್ರು ಕಣೇ. ಅದನ್ನ ಬಿಚ್ಚಿ ನೋಡಬಾರದು ಅಂತಾನೂ." ಎರಡನೆಯ ಆಣೆ ಅವರಿಗೆ ಹೆಚ್ಚು ಕಷ್ಟ ಕೊಟ್ಟಿದ್ದು ಮುಖದಲ್ಲೇ ಕಾಣುತ್ತಿತ್ತು.

ಅಷ್ಟರಲ್ಲಿ ಪೆಟ್ಟಿಗೆಯ ಹುಡುಗಿ ತನ್ನ ಯಂತ್ರದಲ್ಲಿ ಏನೋ ನೋಡಿ ಹುಬ್ಬೇರಿಸಿದಳು. "ಅಮ್ಮ, ಇದು ದಿನಾ ಸಂಜೆ ಏಳಕ್ಕೆ ಎರಡು ನಿಮಿಷ ಆದ್ಮೇಲೆ ಆಫ್ ಆಗುತ್ತೆ. ಎಂಟಕ್ಕೆ ಎರಡು ನಿಮಿಷ ಇದ್ದ ಹಾಗೆ ಆನ್ ಆಗುತ್ತೆ. ಎಂಟು ತಿಂಗಳಿಂದ. ನಿಮ್ಮ ಬೀದೀಲಿ ದಿನಾ ಕರೆಂಟ್ ಹೋಗುತ್ತೆ ಅಂತ ಆಫೀಸಲ್ಲಿ ಅಂದ್ಕೊಂಡಿದ್ವಿ. ಯಾರೋ ಪ್ಲಗ್ ತೆಗೀತಿದಾರೆ ಅಮ್ಮ."

ನಾನು ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದೆ. ಯಾಕೆಂದರೆ ಹಿಂದಿನ ಕೋಣೆಯ ಪ್ಲಗ್ ಪಾಯಿಂಟು ಸತ್ತ ಮೇಲೆ ನಾನು ಒಂದು ಉದ್ದ ವೈರನ್ನು ಬಾಗಿಲ ಸಂದಿಯಿಂದ ಹಾಲಿನವರೆಗೆ ತಂದಿದ್ದೆ, ಟೇಬಲ್ ಫ್ಯಾನಿಗಾಗಿ. (ನಾನು ಆ ಕಾರ್ಯಕ್ರಮದ ಫ್ಯಾನ್ ಅಲ್ಲ, ಫ್ಯಾನಿನ ಫ್ಯಾನ್.) ಟೀವಿಯ ಹಿಂದಿನ ಬೋರ್ಡಿನಲ್ಲಿ ಮೂರೇ ತೂತು. ಒಂದು ಟೀವಿಯದು, ಒಂದು ಕೇಬಲ್ ಡಬ್ಬಿಯದು, ಇನ್ನೊಂದು ಈ ಸ್ಟೆಬಿಲೈಜರಿನದು. ತೆಗೆದು ನೋಡಿದೆ, ಟೀವಿ ನಡೆಯುತ್ತಲೇ ಇತ್ತು. ಮನೆಯಲ್ಲಿ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಕೆಂಪು ಕಣ್ಣು ಬಿಡುವವರಲ್ಲಿ ಇದೂ ಒಂದು ಎಂದುಕೊಂಡೆ. ಅಂದಿನಿಂದ ದಿನಾ ಎಲ್ಲರೂ ಟೀವಿಯಲ್ಲಿ ಮುಳುಗಿದ ಮೇಲೆ, ಧೂಳು ಒರೆಸುವ ನೆಪದಲ್ಲಿ ಬಗ್ಗಿ, ಆ ಪ್ಲಗ್ಗು ಕಿತ್ತು ನನ್ನ ಪ್ಲಗ್ಗು ಚುಚ್ಚುತ್ತಿದ್ದೆ. ಎಂಟಕ್ಕೆ ಮೊದಲು ಬಂದು ಅದನ್ನು ಯಥಾಸ್ಥಾನಕ್ಕೆ ಮರಳಿಸುತ್ತಿದ್ದೆ. ಶಿಸ್ತು ಕಾನ್ವೆಂಟಿನದು.

ಅತ್ತೆ ನಿಧಾನವಾಗಿ ಮಗನತ್ತ ತಿರುಗಿದರು. "ನೀನೇ ಏನೋ?"

"ನಾನಲ್ಲಮ್ಮ!"

"ಸ್ಕ್ರೂಡ್ರೈವರ್ ಹಿಡ್ಕೊಂಡು ಓಡಾಡೋನು ನೀನು."

"ಏಳರಿಂದ ಎಂಟು ನಿನ್ನ ಪಕ್ಕದಲ್ಲೇ ಕೂತಿರ್ತೀನಲ್ಲಮ್ಮ! ಕಾಣಲ್ವಾ?"

"ಆಗ ನಾನು ನಿನ್ನ ಯಾಕೆ ನೋಡ್ಲಿ, ಅಜ್ಜನ್ನ ನೋಡ್ತಿರ್ತೀನಿ."

ಮದುವೆಯಾದಂದಿನಿಂದ ಈ ಮನೆಯಲ್ಲಿ ಏನು ಕೆಟ್ಟರೂ ತಪ್ಪು ಯಜಮಾನರದೇ ಆಗಿರುತ್ತಿತ್ತು. ಮೊದಲ ಬಾರಿಗೆ ನಿರಪರಾಧಿಯಾಗಿ ನಿಂತಿದ್ದರು, ಪಾಪ, ಅದು ಹೇಗೆ ನಿಲ್ಲಬೇಕೆಂಬ ಅಭ್ಯಾಸವಿರಲಿಲ್ಲ. ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. (ಸತ್ಯವಂತರೆಲ್ಲ ಬೇಕಾದರೆ ಇಲ್ಲಿಗೇ ಓದುವುದು ನಿಲ್ಲಿಸಬಹುದು.) ನನ್ನ ದುರದೃಷ್ಟಕ್ಕೆ ಹುಡುಗಿ ಚುರುಕು. ಬೋರ್ಡಿನ ಪಕ್ಕ ಬಿದ್ದಿದ್ದ ನನ್ನ ವೈರನ್ನು ಬೆರಳಿನಲ್ಲಿ ಎತ್ತಿ, ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ಹೊರಟಳು. ಹಿಂದೆ ಅತ್ತೆ, ಅವರ ಹಿಂದೆ ಯಜಮಾನರು, ಕೊನೆಯಲ್ಲಿ ನಾನು. ಮೆರವಣಿಗೆ ಹಿಂದಿನ ಕೋಣೆಯ ಬಾಗಿಲು ದಾಟಿ ಫ್ಯಾನಿನ ಮುಂದೆ ನಿಂತಿತು.

ಅತ್ತೆ ಕುರ್ಚಿ ನೋಡಿದರು. ಮುರಿದ ಸ್ಟೂಲಿನ ಬದಲು ಜೋಡಿಸಿಟ್ಟಿದ್ದ ಹಳೆಯ ಪತ್ರಿಕೆಗಳ ಕಂತೆ ನೋಡಿದರು; ಅದರ ಮೇಲೆ ಎರಡು ಹಿಮ್ಮಡಿಗಳ ಗುಳಿ ಸ್ಪಷ್ಟವಾಗಿತ್ತು. ಬೋರಲು ಮಲಗಿದ್ದ ಕಾದಂಬರಿ ನೋಡಿದರು. ಬಿಸ್ಕತ್ತಿನ ಡಬ್ಬಿ ತೆಗೆದು ಒಳಗೂ ನೋಡಿದರು.

"ಇಸ್ತ್ರಿ?" ಎಂದರು.

"ಇಸ್ತ್ರಿಪೆಟ್ಟಿಗೆ ಸತ್ತು ಎಂಟು ತಿಂಗಳಾಯ್ತು ಅತ್ತೆ."

ಯಜಮಾನರು ತಲೆ ಬಗ್ಗಿಸಿ ತಮ್ಮ ಅಂಗಿಯನ್ನು ಮೊದಲ ಬಾರಿಗೆ ಗಮನಿಸಿದರು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ. ಅತ್ತೆ ಬೈಯಲಿಲ್ಲ. ಕುರ್ಚಿಯ ಕೈಯನ್ನು ಒಮ್ಮೆ ಸವರಿ, "ನಮ್ಮ ಜೊತೆ ಒಂದು ಗಂಟೆ ಕೂರೋಕೆ ಅಷ್ಟು ಬೇಸರಾನಾ?" ಎಂದರು.

"ಹಾಗಲ್ಲ ಅತ್ತೆ... ಯಾರೂ ಕರೆಯದೇ ಇರೋ ಜಾಗ ಒಂದು ಬೇಕಿತ್ತು," ಎಂದೆ.

"ನಾನೇನು ಸುಮ್ಮನೆ ಕರೀತೀನಾ? ಇದ್ದೀಯೋ ಇಲ್ವೋ ಅಂತ ನೋಡ್ಕೊಳ್ಳೋಕೆ ಕರೀತೀನಿ," ಎಂದರು ಅತ್ತೆ. ನಂತರ, ಇಷ್ಟು ಮೆತ್ತಗಾದದ್ದು ತಮ್ಮ ಘನತೆಗೆ ಕುಂದು ಎನ್ನಿಸಿತೋ ಏನೋ, ಹುಡುಗಿಯತ್ತ ತಿರುಗಿ, "ಒಂದು ಪ್ಲಗ್ ತೆಗೆದ್ರೆ ಅಂಥದ್ದೇನು ಮುಳುಗಿ ಹೋಗುತ್ತೆ?" ಎಂದು ಗದರಿಸಿದರು.

"ಹೇಳಬಾರದು ಅಮ್ಮ. ಆದ್ರೂ ಹೇಳ್ತೀನಿ," ಎಂದಳು ಹುಡುಗಿ. "ಈ ಊರಲ್ಲಿ ಪೆಟ್ಟಿಗೆ ಇರೋ ಮನೆಗಳಲ್ಲಿ ಅರವತ್ತು ದಾಟಿದ ಹೆಂಗಸರು ಇಬ್ಬರೇ. ಇನ್ನೊಬ್ಬರು ಮಗಳ ಮನೆಗೆ ಹೋಗಿ ವರ್ಷ ಆಯ್ತು. ನಮ್ಮ ಲೆಕ್ಕದಲ್ಲಿ ನೀವು ಒಬ್ಬರಲ್ಲ. ಎಪ್ಪತ್ತು ಸಾವಿರ."

ಎಪ್ಪತ್ತು ಸಾವಿರ ಅತ್ತೆಯರು! ಒಬ್ಬರಿಗೇ ನನ್ನ ಇಪ್ಪತ್ತಾರು ವರ್ಷ ಸರಿಹೋಗಿತ್ತು. ಅಷ್ಟೂ ಜನರನ್ನು ಎಂಟು ತಿಂಗಳಿನಿಂದ ದಿನಾ ಸಂಜೆ ಒಂದು ಪ್ಲಗ್ಗು ಕಿತ್ತು ನಾನು ಭೂಮಿಯಿಂದ ಅಳಿಸಿಹಾಕುತ್ತಿದ್ದೆ. ಇತಿಹಾಸದಲ್ಲಿ ಯಾವ ಸೊಸೆಯೂ ಇಷ್ಟು ದೊಡ್ಡ ಕನಸು ಕಂಡಿರಲಾರಳು. ನಾನು ಮಾಡಿ ತೋರಿಸಿದ್ದೆ, ಅದೂ ಗೊತ್ತಿಲ್ಲದೆ; ಹಾಗಾಗಿ ಸಂತೋಷಪಡಲೂ ಆಗಲಿಲ್ಲ. ರಣರಂಗವನ್ನು ಉಳಿಸಲು ಆರುನೂರು ಮುರುಕು ಸಾಮಾನು ಕಳಿಸಿದವಳೂ ನಾನೇ, ಅದನ್ನು ಕೊಂದವಳೂ ನಾನೇ.

"ಎಪ್ಪತ್ತು ಸಾವಿರ," ಎಂದರು ಅತ್ತೆ, ರುಚಿ ನೋಡುವವರಂತೆ. ಅವರ ಬೆನ್ನು ನೆಟ್ಟಗಾಯಿತು. ಅಂದಿನಿಂದ ಅವರ ನಡಿಗೆಯೇ ಬದಲಾಗಿದೆ. ಹಿಂದೆ ದೊಡ್ಡ ಗುಂಪೊಂದು ಬರುತ್ತಿರುವಂತೆ ಬಾಗಿಲಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಾರೆ.

ಹುಡುಗಿ ಒಳ್ಳೆಯವಳು. "ಪ್ಲಗ್ ಸಡಿಲ ಇತ್ತು ಅಂತ ಬರೀತೀನಿ," ಎಂದು ಪೆಟ್ಟಿಗೆಯ ಪ್ಲಗ್ಗಿಗೆ ಟೇಪು ಸುತ್ತಿ ಬಿಗಿದಳು. ಹೊರಡುವಾಗ ನನ್ನತ್ತ ನೋಡಿ, "ಮೇಡಂ, ನಿಮ್ಮದು ಮೂರನೇ ಗುಂಡಿ. ನಿಮ್ಮ ವಯಸ್ಸಿನೋರ ವರ್ಗದಲ್ಲೂ ಈ ಊರಿಗೆ ನೀವೊಬ್ಬರೇ. ಐವತ್ತೆರಡು ಸಾವಿರ ಜನ," ಎಂದಳು.

"ನಾನು?" ಎಂದರು ಯಜಮಾನರು ಆಸೆಯಿಂದ.

"ನೀವು ಒಂದನೇ ಗುಂಡಿ ಸರ್. ಐವತ್ತು ದಾಟಿದ ಗಂಡಸರು ನಮ್ಮಲ್ಲಿ ಬೇಕಾದಷ್ಟಿದಾರೆ. ನೀವು ಕೂತರೂ ಒಂದೇ, ಎದ್ದರೂ ಒಂದೇ."

ಅವರ ಮುಖ ಬಾಡಿತು. ನನಗೂ ಅಯ್ಯೋ ಎನ್ನಿಸಿತು. (ಈ ಅಯ್ಯೋವನ್ನು ಆಮೇಲೆ ನಾನು ವಾಪಸ್ಸು ತೆಗೆದುಕೊಂಡೆ.)

ಅಂದು ಸಂಜೆ ಏಳಕ್ಕೆ ಐದು ನಿಮಿಷವಿದ್ದಾಗ ಅತ್ತೆ ಸೋಫಾದಲ್ಲಿ ತಮ್ಮ ಪಕ್ಕದ ಜಾಗವನ್ನು ತಟ್ಟಿದರು. "ಬಾ."

"ಅತ್ತೆ, ನೀವೇ ನನ್ನ ಗುಂಡಿ ಒತ್ತಿಬಿಡಿ. ನಾನು ಒಳಗಿದ್ದರೂ ಲೆಕ್ಕಕ್ಕೆ ಸಿಗುತ್ತೆ. ಎಲ್ರಿಗೂ ಅನುಕೂಲ."

ಅತ್ತೆ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಐವತ್ತೆರಡು ಸಾವಿರ ಹೆಂಗಸರ ಹೆಸರಲ್ಲಿ ಸುಳ್ಳು ಹೇಳು ಅಂತೀಯಾ? ಎಂಟು ತಿಂಗಳು ನಾನು ಒಂದೇ ಒಂದು ಸುಳ್ಳು ಗುಂಡಿ ಒತ್ತಿಲ್ಲ. ಬೆಳಿಗ್ಗೆ ನೀನು ಪೊರಕೆ ಹಿಡ್ಕೊಂಡು ನಿಂತು ವಾರ್ತೆ ನೋಡ್ತೀಯಲ್ಲ, ಅದನ್ನೂ ಹಾಕಿದೀನಿ. ನಿಂತರೆ ಲೆಕ್ಕಕ್ಕುಂಟಾ ಅಂತ ಫೋನ್ ಮಾಡಿ ಕೇಳ್ಕೊಂಡು. ಕಾರ್ಯಕ್ರಮ ಉಳೀಬೇಕೋ ಬೇಡ್ವೋ? 'ಆ ಒಂದು ಗಂಟೆ ನಮ್ಮ ಉಸಿರು' ಅಂತ ಬರೆದೋಳು ನೀನು."

ನಾನು ಕೂತೆ.

ಕಾರ್ಯಕ್ರಮ ಉಳಿಯಿತು. ಎರಡೇ ವಾರದಲ್ಲಿ ನಿರೂಪಕಿ ಕರವಸ್ತ್ರ ಒಳಗಿಟ್ಟು, 'ವೀಕ್ಷಕರಿಂದ ಅಭೂತಪೂರ್ವ ಬೆಂಬಲ' ಎಂದು ಘೋಷಿಸಿದಳು. ಆ ಅಭೂತಪೂರ್ವ ಬೆಂಬಲ ಆಗ ನನ್ನ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿತ್ತು. ಮೇಲಿನ ಮನೆಯಲ್ಲಿ ಮೇಷ್ಟ್ರು ಕುರ್ಚಿಯಿಂದ ನೆಲ ಕುಟ್ಟಿದರು. ಅಂಚೆ ಕಛೇರಿಯಾಕೆ ಅಭಿನಂದನೆಯ ತಂತಿಯಂತೆ ಒಂದು ಸಾಲಿನ ಕಾರ್ಡು ಕಳಿಸಿದಳು. ಸಮಿತಿ ವಿಜಯೋತ್ಸಾಹದಿಂದ ವಿಸರ್ಜನೆಯಾಯಿತು.

ಈಗ ನಾನು ದಿನಾ ಏಳರಿಂದ ಎಂಟು ಹಾಲಿನಲ್ಲಿ ಕೂತಿರುತ್ತೇನೆ. ನೀರು ಕುಡಿಯಲು ಎದ್ದರೆ ಅತ್ತೆ ಒತ್ತಿ ತೆಗೆಯುತ್ತಾರೆ, ಬಂದರೆ ಒತ್ತಿ ಹಾಕುತ್ತಾರೆ. ಐವತ್ತೆರಡು ಸಾವಿರ ಗೃಹಿಣಿಯರು ಒಮ್ಮೆಲೇ ಎದ್ದು ನೀರು ಕುಡಿದು ಬರುವುದನ್ನು ನೋಡಿ ಚಾನೆಲ್ಲಿನವರು ಏನೆಂದುಕೊಳ್ಳುತ್ತಾರೋ. ಜಾಹೀರಾತು ಬಂದಾಗ ಅತ್ತೆ ಮಾತಾಡುತ್ತಾರೆ. ನನ್ನ ಬಗ್ಗೆ ಅವರಲ್ಲಿ ಸುಮಾರಿದೆ ಎಂದದ್ದು ಸುಳ್ಳಲ್ಲ. ಇನ್ನೂ ಮದುವೆಯ ಮೊದಲ ವರ್ಷ ಮುಗಿದಿಲ್ಲ.

ಮತ್ತು ಯಜಮಾನರು? ಕೂತರೂ ಒಂದೇ, ಎದ್ದರೂ ಒಂದೇ ಎಂಬ ಮಾತನ್ನು ಅವರು ಎರಡು ದಿನ ದುಃಖದಿಂದ, ಮೂರನೆಯ ದಿನ ಶಾಂತವಾಗಿ ಯೋಚಿಸಿದರು. ನಾಲ್ಕನೆಯ ದಿನ ಹಿಂದಿನ ಕೋಣೆಗೆ ಹೋಗಿ ಆ ಸತ್ತ ಪ್ಲಗ್ ಪಾಯಿಂಟನ್ನು ಬಿಚ್ಚಿ, ಅರ್ಧ ಗಂಟೆಯಲ್ಲಿ ಜೀವ ತರಿಸಿದರು. ಅವರ ಬಾಳಿನಲ್ಲಿ ಯಶಸ್ವಿಯಾದ ಮೊದಲ ರಿಪೇರಿ. ಈಗ ಏಳಾದರೆ ಬೆತ್ತದ ಕುರ್ಚಿ ಅವರದು, ಫ್ಯಾನು ಅವರದು, ಕಾಲು ಚಾಚಲು ನನ್ನ ಲೇಖನಗಳಿರುವ ಪತ್ರಿಕೆಗಳ ಕಂತೆ. ಕಾದಂಬರಿಯನ್ನೂ ಓದುತ್ತಿದ್ದಾರೆ. ಕೊಲೆಗಾರ ಯಾರೆಂದು ನಿನ್ನೆ ಊಟದ ಹೊತ್ತಿಗೆ ನನಗೆ ಹೇಳಿದರು.

ಇವತ್ತು ಫೋರ್‌ಮನ್ ಕೊಡೆ ಅಜ್ಜ ಸರಿಮಾಡಿದ ಕೊಡೆಯನ್ನು ಸೊಂಟದೆತ್ತರಕ್ಕೆ ಎತ್ತಿ ಹಿಡಿದಿದ್ದ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಆಗ ಒಳಗಿನಿಂದ ತೂಕಡಿಕೆ ಬೆರೆತ ದನಿ ಬಂತು.

"ಲೇ, ಈ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕೇ. ನಿಮ್ಮ ಟೀವಿ ಸದ್ದು ಒಳಗೆಲ್ಲ ಬರ್ತಿದೆ."

ನಾನು ಎದ್ದೆ. ಅತ್ತೆಯ ಹೆಬ್ಬೆರಳು ಮೂರನೇ ಗುಂಡಿಯತ್ತ ಸರಿಯಿತು.

"ಬೇಗ ಬಾ," ಎಂದರು, ಟೀವಿಯಿಂದ ಕಣ್ಣು ಕೀಳದೆ. "ಅಷ್ಟು ಜನಾನ ಎಬ್ಬಿಸ್ಕೊಂಡು ಹೋಗಿದೀಯ."